ಒಪಿಯೊ, ಒಡೊಂಗೊ

ಹುಣ್ಣಿಮೆಯ ವಾರ ಒಮೆನಾ ಮೀನು
ನಮ್ಮ ದೀಪಕ್ಕೆ ಮರುಳಾಗುವುದಿಲ್ಲ.
ಮೇಲೆ ಅಷ್ಟು ದೊಡ್ಡದು ಪುಕ್ಕಟೆ ಉರಿಯುವಾಗ
ನಮ್ಮ ಚಿಲ್ಲರೆ ಬೆಳಕು ಯಾರಿಗೆ ಬೇಕು?
ಹಾಗಾಗಿ ದೋಣಿ ದಡದಲ್ಲಿ, ಬಲೆ ಬೇಲಿಯ ಮೇಲೆ,
ಮರಳಲ್ಲಿ ಎರಡು ಬ್ಯಾಟರಿ,
ಎದುರಿಗೆ ಪೆರೆಸ್ ಅತ್ತೆ
ಜಗಳ ಬಿಡಿಸಲು ಕೂತವಳ ಹಾಗೆ.

ನಮ್ಮಲ್ಲಿ ಅವಳಿ ಹುಟ್ಟಿದರೆ ಹೆಸರು ಹುಡುಕುವ ಕೆಲಸವಿಲ್ಲ:
ಮುಂದೆ ಬಂದವನು ಒಪಿಯೊ, ಹಿಂದೆ ಬಂದವನು ಒಡೊಂಗೊ.
ಹಗ್ಗ ಜಗ್ಗುವ ಮೋಟಾರು ಮಾರಿ
ಕಿಸುಮುವಿನಿಂದ ಗುಂಡಿ ಒತ್ತುವ ಮೋಟಾರು ತಂದ ವರ್ಷ
ಬ್ಯಾಟರಿಗಳಿಗೂ ಅದೇ ಹೆಸರಿಟ್ಟಳು ಅತ್ತೆ.

ತಪ್ಪು ನನ್ನದು, ಹೇಳಿಬಿಡುತ್ತೇನೆ.
ಒಬ್ಬನ ಪ್ಲಸ್ಸನ್ನು ಇನ್ನೊಬ್ಬನ ಮೈನಸ್ಸಿಗೆ ಕಟ್ಟಿದೆ,
ಅಣ್ಣನ ಕೈ ತಮ್ಮ ಹಿಡಿಯಲಿ ಅಂತ.
ಹನ್ನೆರಡು ಹನ್ನೆರಡು ಸೇರಿ ಇಪ್ಪತ್ತನಾಲ್ಕು ವೋಲ್ಟು.
ನಾಲ್ಕೂ ದೀಪ ಒಮ್ಮೆಗೇ ಹಾಲಿನಂತೆ ಬೆಳಗಿ,
ಎಷ್ಟು ಚೆಂದ ಅಂತ ಬಾಯಿ ತೆರೆಯುವುದರೊಳಗೆ
ಠಪ್, ಠಪ್, ಠಪ್,
ನಾಲ್ಕನೆಯದು ಸದ್ದಿಲ್ಲದೆ.
ಅತ್ತೆ ಬೈಯಲಿಲ್ಲ. ಕಷ್ಟ ಅದೇ.

ಒಬೊಂಡೊ ಮುದುಕನನ್ನು ಕೈಹಿಡಿದು ಕರೆತಂದೆ.
ಒಂದು ಕಾಲಕ್ಕೆ ಈ ದಡದ ರೇಡಿಯೊಗಳನ್ನೆಲ್ಲ ಬಿಚ್ಚಿ ಕೂಡಿಸಿದವನು,
ಈಗ ಎರಡೂ ಕಣ್ಣಿಗೆ ಪೊರೆ.
"ಕೆಂಪು ತಂತಿ ಯಾವುದು?"
ಅಂಗಡಿಯಲ್ಲಿ ಕರಿಯದೇ ಇದ್ದದ್ದು, ಎಲ್ಲಾ ಕರಿ, ಎಂದೆ.
"ಒಳ್ಳೆಯದಾಯಿತು. ನೀವಿಬ್ಬರೂ ಇನ್ನು ನನ್ನಷ್ಟೇ ಕುರುಡರು"
ಎಂದು ನಕ್ಕು, ಬಲೆಯ ನೂಲು ತರಿಸಿ
ಪ್ಲಸ್ಸಿನ ತಂತಿಗೆಲ್ಲ ಗಂಟು ಹಾಕಿಸಿದ.
ಗಂಟು ಇದ್ದದ್ದು ಹೋಗುವ ದಾರಿ,
ಬೋಳಾದದ್ದು ಬರುವ ದಾರಿ.
ಕತ್ತಲಲ್ಲಿ, ಅಲೆಯಲ್ಲಿ, ಒದ್ದೆ ಕೈಯಲ್ಲಿ
ಬೆರಳಿಗೆ ತಿಳಿದರೆ ಸಾಕು.

ಹಸಿರು ಬೂಷ್ಟು ಹಿಡಿದ ತುದಿಗಳನ್ನು
ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆದು
ಹಳೆಯ ಹಲ್ಲಿನ ಬ್ರಷ್ಷಿನಲ್ಲಿ ತಿಕ್ಕಿದೆವು, ಮೇಲೆ ಗ್ರೀಸು.
"ಮೋಟಾರಿಗೆ ಒಪಿಯೊ. ಅವನದು ಒಂದೇ ಗುಕ್ಕಿನ ಸಿಟ್ಟು,
ಗುದ್ದಿ ಸುಮ್ಮನಾಗುವವನು, ದಪ್ಪ ತಂತಿ ಕೊಡು.
ದೀಪಕ್ಕೆ ಒಡೊಂಗೊ, ರಾತ್ರಿಯಿಡೀ ತಾಳುವವನು.
ಒಬ್ಬನ ಊಟಕ್ಕೆ ಇನ್ನೊಬ್ಬ ಕೈಹಾಕದಿರಲಿ."

ಅತ್ತೆ ತಲೆಯೆತ್ತಿದಳು.
ಹೋದ ಅಮಾವಾಸ್ಯೆಯ ಬೆಳಗು ನೆನಪಾಗಿರಬೇಕು.
ಅಂದು ಇಬ್ಬರನ್ನೂ ದೀಪವೇ ಕುಡಿದು ಮುಗಿಸಿತ್ತು.
ಗುಂಡಿ ಒತ್ತಿದರೆ ಕ್ಲಿಕ್, ಅಷ್ಟೇ.
ದಡ ಕಾಣದ ಲೋಲ್ವೆ ಸರೋವರ,
ನಾಲ್ಕು ಜನ, ಎರಡು ಹುಟ್ಟು, ಮೂರು ತಾಸು.
ಬಂದು ಮುಟ್ಟುವಷ್ಟರಲ್ಲಿ ಕೊಳ್ಳುವ ಹೆಂಗಸರು
ಬೇಸಿನ್ನು ಕೊಡವಿ ಎದ್ದು ಹೋಗಿದ್ದರು.
ಅದನ್ನು ಸರಿಮಾಡಲು ಹೋಗಿಯೇ ನಾನು ದೀಪ ಸುಟ್ಟದ್ದು.

"ಇಬ್ಬರ ಮೈನಸ್ಸು ಇಲ್ಲಿ ಕೂಡಲಿ.
ಪಟ್ಟಣದಲ್ಲಿ ಇದಕ್ಕೆ ಅರ್ಥ್ ಅನ್ನುತ್ತಾರೆ, ಭೂಮಿ ಅಂತ."
ಮರದ ದೋಣಿ, ಸುತ್ತ ನೀರು, ಭೂಮಿ ಎಲ್ಲಿಂದ ಬಂತು?
"ಇಲ್ಲ ಅಂತಲೇ ಕಟ್ಟಿಕೊಂಡು ಹೋಗುವುದು."
ಅರ್ಥವಾಗಲಿಲ್ಲ. ಆದರೂ ತಿರುಪು ಬಿಗಿದೆ.

ಕೊನೆಗೆ ಫ್ಯೂಸು, ಗಾಜಿನೊಳಗೊಂದು ಕೂದಲೆಳೆ.
"ಪ್ಲಸ್ಸಿನ ಮಗ್ಗುಲಲ್ಲೇ ಇರಲಿ.
ಮನೆಯೆಲ್ಲ ಹೊತ್ತದಿರಲಿ ಅಂತ ಮೊದಲು ಉರಿಯುವುದು ಇದು."
"ಹಿರಿಸೊಸೆ" ಎಂದಳು ಅತ್ತೆ,
ಸಂಜೆಯಿಂದ ಆಡಿದ ಮೊದಲ ಮಾತು.

ಡಬ್ಬಿಯಲ್ಲಿ ಒಂದೇ ಬಲ್ಬು ಉಳಿದಿತ್ತು.
ಸ್ವಿಚ್ಚನ್ನು ನನ್ನ ಕೈಗೇ ಕೊಟ್ಟಳು.
ಹಳದಿ, ಸಣ್ಣದು, ತನ್ನ ಪಾಡಿಗೆ ಹತ್ತಿತು.
ತುಂಬು ಬೆಳದಿಂಗಳಲ್ಲಿ ಅದರಿಂದ ಏನೂ ಹೆಚ್ಚು ಕಾಣಲಿಲ್ಲ.
ಒಬೊಂಡೊ ಮುಖ ಹತ್ತಿರ ತಂದು
ಕೆನ್ನೆಗೆ ಕಾವು ತಾಗಿಸಿಕೊಂಡು ನೋಡಿದ.
"ಆರಿಸೋ, ಸಾಕು" ಎಂದಳು ಅತ್ತೆ,
"ಒಡೊಂಗೊ ಮಲಗಲಿ."